ಗಡಿನಾಡಿನ ವಿಜ್ಞಾನ ತರಗತಿ: ಮೂರು ಭಾಷೆಗಳ ನಡುವೆ ಕನ್ನಡ ವಿದ್ಯಾರ್ಥಿ

ಕಾಸರಗೋಡು: 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಬಳಿಕವೂ ಇಲ್ಲಿ ಕನ್ನಡ ಮಾಧ್ಯಮ ಶಾಲೆಗಳು ಉಳಿದುಕೊಂಡಿವೆ. ಕೇರಳದ ವಿಜ್ಞಾನ ಪಠ್ಯವು ಕನ್ನಡಕ್ಕೆ ಅನುವಾದಗೊಂಡು ಮಕ್ಕಳ ಕೈ ಸೇರುತ್ತದೆ. ಆದರೆ ಪುಸ್ತಕ ಕನ್ನಡದಲ್ಲಿದ್ದ ಮಾತ್ರಕ್ಕೆ ಪಾಠವೂ ಕನ್ನಡದಲ್ಲೇ ನಡೆಯುತ್ತದೆ ಎನ್ನುವಂತಿಲ್ಲ. ಕನ್ನಡ ಬಾರದ ಅಧ್ಯಾಪಕರ ನೇಮಕದ ವಿರುದ್ಧ ಜಿಲ್ಲೆಯಲ್ಲಿ ಹಲವು ಬಾರಿ ಪ್ರತಿಭಟನೆಗಳು ನಡೆದಿವೆ. 2018ರಲ್ಲಿ ತೆರೆಕಂಡ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು’ ಚಿತ್ರದ ಕಥಾವಸ್ತುವೂ ಇದೇ.

ಭಾಷಾ ಪಾಠಕ್ಕಿಂತ ವಿಜ್ಞಾನದಲ್ಲಿ ಈ ಸಮಸ್ಯೆ ಹೆಚ್ಚು ಸೂಕ್ಷ್ಮ. ಇಲ್ಲಿ ಪ್ರತಿಯೊಂದು ಪದಕ್ಕೂ ಖಚಿತ ಅರ್ಥವಿದೆ. ಕನ್ನಡದ ‘ವೇಗೋತ್ಕರ್ಷ’ ಮಲಯಾಳದಲ್ಲಿ ‘ತ್ವರಣಂ’. ಕನ್ನಡದ ‘ಧಾತು’ ಅಲ್ಲಿ ‘ಮೂಲಕಂ’. ಕನ್ನಡ ಮಗುವಿನ ಕಿವಿಗೆ ಇದು ‘ಅಂಚೆಯ ಮೂಲಕ’ ಎಂಬಂತೆ ಕೇಳಿಸಿದರೆ ಆಶ್ಚರ್ಯವಿಲ್ಲ. ಕನ್ನಡ ರಸಾಯನಶಾಸ್ತ್ರದಲ್ಲಿ ಪರಮಾಣುಗಳು ಸೇರಿದಾಗ ‘ಅಣು’. ಮಲಯಾಳದಲ್ಲಿ ಅದು ‘ತನ್ಮಾತ್ರ’. ‘ಅಣು’ ಎಂದರೆ ಆಡುಮಾತಿನಲ್ಲಿ ರೋಗಾಣುವೂ ಹೌದು. ಹೆಸರೇ ಇಲ್ಲದ ಪದಕ್ಕಿಂತ ಬೇರೆ ಅರ್ಥ ಕೊಡುವ ಪದವೇ ಹೆಚ್ಚು ಅಪಾಯಕಾರಿ.

ಹಾಗೆಂದು ಕನ್ನಡ ಪದಗಳೆಲ್ಲ ದೋಷರಹಿತವೇನಲ್ಲ. ಎಲ್ಲ ಆಮ್ಲಗಳಲ್ಲೂ ಆಕ್ಸಿಜನ್ ಇದೆ ಎಂಬ ಲಾವೋಸಿಯೇನ ತಪ್ಪು ನಂಬಿಕೆಯಿಂದ ಹುಟ್ಟಿದ ಹೆಸರನ್ನೇ ‘ಆಮ್ಲಜನಕ’ ಎಂದು ಅನುವಾದಿಸಲಾಗಿದೆ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಕ್ಸಿಜನ್ ಇಲ್ಲವೇ ಇಲ್ಲ. ಇಂತಹ ಸಂಗತಿಯನ್ನು ವಿವರಿಸಲು ಅಧ್ಯಾಪಕರಿಗೆ ಆ ಪದದ ಅರ್ಥ ಗೊತ್ತಿರಬೇಕಾಗುತ್ತದೆ.

ಹತ್ತನೇ ತರಗತಿ ಮುಗಿಸಿ ಪ್ಲಸ್ ವನ್ ವಿಜ್ಞಾನಕ್ಕೆ ಹೋದವರ ಮುಂದೆ ಇನ್ನೊಂದು ಗೋಡೆಯಿದೆ. ಅಲ್ಲಿ ‘ವೇಗೋತ್ಕರ್ಷ’ ಏಕಾಏಕಿ ‘ಆಕ್ಸಲರೇಶನ್’ ಆಗುತ್ತದೆ, ‘ಸಂವೇಗ’ ‘ಮೊಮೆಂಟಮ್’ ಆಗುತ್ತದೆ. ತಿಳಿದ ವಿಷಯವೇ ತಿಳಿಯದಂತೆ ತೋರುತ್ತದೆ. ‘ವಿಜ್ಞಾನ ತಲೆಗೆ ಹತ್ತುವುದಿಲ್ಲ’ ಎಂಬ ಹಣೆಪಟ್ಟಿ ಮಾತ್ರ ವಿದ್ಯಾರ್ಥಿಗೇ ಅಂಟಿಕೊಳ್ಳುತ್ತದೆ.

ಪರಿಹಾರ ಅಷ್ಟೇನೂ ದುಬಾರಿಯಲ್ಲ. ಪ್ರತಿ ಪಾಠದ ಕೊನೆಗೆ ಕನ್ನಡ, ಮಲಯಾಳ, ಇಂಗ್ಲಿಷ್ ಪದಗಳ ಒಂದು ಪುಟದ ಪಟ್ಟಿ ಸೇರಿಸಿದರೆ ವಿದ್ಯಾರ್ಥಿಗಷ್ಟೇ ಅಲ್ಲ, ಕನ್ನಡ ಕಲಿಯಲು ಸಿದ್ಧರಿರುವ ಅಧ್ಯಾಪಕರಿಗೂ ಅನುಕೂಲ. ಆದರೆ ಪಟ್ಟಿ ಅಧ್ಯಾಪಕರಿಗೆ ಬದಲಿಯಲ್ಲ. ಕೇರಳ ಪಿ.ಎಸ್.ಸಿ.ಯಲ್ಲಿ ಕನ್ನಡ ಮಾಧ್ಯಮದ ಭೌತವಿಜ್ಞಾನ ಅಧ್ಯಾಪಕರಿಗೆ ಪ್ರತ್ಯೇಕ ಹುದ್ದೆಗಳಿವೆ. ಆ ಹುದ್ದೆಗೆ ಬರುವವರು ಕನ್ನಡದಲ್ಲಿ ಪಾಠ ಮಾಡಬಲ್ಲರೇ ಎಂಬುದನ್ನು ನೇಮಕದ ಮೊದಲೇ ಖಚಿತಪಡಿಸಿಕೊಳ್ಳಬೇಕು. ನೇಮಕವಾದ ಮೇಲೆ ಪ್ರತಿಭಟಿಸುವಾಗ ನಷ್ಟವಾಗುವುದು ಮಕ್ಕಳ ಪಾಠದ ದಿನಗಳೇ.