ಮತ್ಸ್ಯಕನ್ಯೆಗೆ ಮನಸೋತ ಹನುಮಂತ!

ನಮ್ಮ ಆಂಜನೇಯ ಬ್ರಹ್ಮಚಾರಿ, ಎರಡು ಮಾತಿಲ್ಲ. ಆದರೆ ಕಾಂಬೋಡಿಯಾದಲ್ಲಿ ಹೀಗೆ ಹೇಳಿ ನೋಡಿ, ನಕ್ಕುಬಿಟ್ಟಾರು! ಅವರ ರಾಮಾಯಣದ ಹೆಸರು ‘ರಿಯಮ್‌ಕೇರ್’, ಅಂದರೆ ರಾಮಕೀರ್ತಿ. ಅದರಲ್ಲಿ ಹನುಮಂತ ಲಂಕೆಗೆ ಸೇತುವೆ ಕಟ್ಟುತ್ತಿದ್ದರೆ, ಹಾಕಿದ ಕಲ್ಲನ್ನೆಲ್ಲ ಮೀನುಗಳು ಹೊತ್ತೊಯ್ಯುತ್ತವೆ. ಸಿಟ್ಟಿಗೆದ್ದು ನೀರಿಗೆ ಧುಮುಕಿದರೆ ಎದುರಿಗೆ ಮೀನುಗಳ ರಾಣಿ ಸುವರ್ಣಮತ್ಸ್ಯೆ. ಯಾರ ಮಗಳು ಗೊತ್ತೆ? ಸಾಕ್ಷಾತ್ ರಾವಣನ ಮಗಳು! ಮೊದಲು ಜಗಳ, ಆಮೇಲೆ ಪ್ರೇಮ. ಹನುಮನ ಬೆವರ ಹನಿ ಮೀನು ನುಂಗಿ ಮಗ ಹುಟ್ಟಿದ ಅಂತ ನಮ್ಮ ಕಥೆಗಾರರು ಜಾಣತನದಿಂದ ಪಾರಾದರು. ಖ್ಮೇರರು ನೇರವಾಗಿ ಜೋಡಿ ನೃತ್ಯವನ್ನೇ ಇಟ್ಟುಬಿಟ್ಟರು!

ಅವರ ಅರಮನೆ ನೃತ್ಯದಲ್ಲಿ ರಾಮನೂ ಹೆಣ್ಣೇ, ರಾವಣನೂ ಹೆಣ್ಣೇ. ನಮ್ಮ ಯಕ್ಷಗಾನದ ಸ್ತ್ರೀವೇಷಕ್ಕೆ ತದ್ವಿರುದ್ಧ. ಹಿಂದೆ ಕೋತಿಗಳೂ ಹೆಂಗಸರೇ ಆಗಿದ್ದರು. ಕಳೆದ ಶತಮಾನದ ನಡುವೆ ರಾಣಿ ಕೊಸ್ಸಮಕ್ ಆ ವೇಷಕ್ಕೆ ಗಂಡಸರನ್ನು ತಂದರು. ಹಾಡು ಮೇಳದವರದು, ಕುಣಿಯುವವರಿಗೆ ಮಾತಿಲ್ಲ. ಎಲ್ಲವೂ ಕೈಯಲ್ಲೇ. ಬೆರಳು ಹೀಗೆ ಬಾಗಿದರೆ ಎಲೆ, ಹಾಗೆ ಬಾಗಿದರೆ ಹೂ, ಇನ್ನೊಂದು ಬಗೆಯಲ್ಲಿ ಹಣ್ಣು. ಅದಕ್ಕಾಗಿ ಚಿಕ್ಕಂದಿನಿಂದಲೇ ಬೆರಳುಗಳನ್ನು ಹಿಂದಕ್ಕೆ ಒತ್ತಿ ಒತ್ತಿ ಪಳಗಿಸಬೇಕು. ಉಡುಪನ್ನಂತೂ ಮೈಮೇಲೇ ಇಟ್ಟು ಹೊಲಿಯುತ್ತಾರೆ!

12ನೇ ಶತಮಾನದಲ್ಲಿ ಎರಡನೇ ಸೂರ್ಯವರ್ಮ ವಿಷ್ಣುವಿಗೆ ಕಟ್ಟಿಸಿದ ಅಂಕೋರ್ ವಾಟ್‌ನಲ್ಲಿ ಸುಮಾರು 50 ಮೀಟರ್ ಉದ್ದದ ಗೋಡೆಯ ತುಂಬ ಸಮುದ್ರಮಥನವಿದೆ. ಕಡೆಯುವ ದೇವದಾನವರ ತಲೆಯ ಮೇಲೆ ಅಪ್ಸರೆಯರ ಹಿಂಡು. ಈಗ ಪ್ರವಾಸಿಗರು ಮುಗಿಬಿದ್ದು ನೋಡುವ ‘ಅಪ್ಸರಾ’ ನೃತ್ಯಕ್ಕೆ ಆ ಕಲ್ಲುಗಳೇ ಸ್ಫೂರ್ತಿ. ಸಾವಿರ ವರ್ಷದ ನೃತ್ಯ ಅಂತ ಯಾರಾದರೂ ಹೇಳಿದರೆ ಮಾತ್ರ ನಂಬಬೇಡಿ. ಅದನ್ನು ಕಟ್ಟಿಸಿದ್ದೂ ಇದೇ ಕೊಸ್ಸಮಕ್. ಕುಣಿದ ತಾರೆ ಆಕೆಯ ಮೊಮ್ಮಗಳು ಬೊಪ್ಪಾದೇವಿ, ಅಂದರೆ ನಮ್ಮ ಪುಷ್ಪಾದೇವಿಯೇ!

ಈಗ ಸಿನಿಮಾಕ್ಕೆ ಬನ್ನಿ. ಬೊಪ್ಪಾಳ ಅಪ್ಪ ಸಿಹಾನುಕ್ 1955ರಲ್ಲಿ ಸಿಂಹಾಸನವನ್ನು ತನ್ನ ಅಪ್ಪನಿಗೇ ಬಿಟ್ಟುಕೊಟ್ಟು ರಾಜಕೀಯಕ್ಕಿಳಿದ ಆಸಾಮಿ. ಸಿನಿಮಾ ಹುಚ್ಚು ಬೇರೆ! 1966ರಲ್ಲಿ ತಾನೇ ‘ಅಪ್ಸರಾ’ ಎಂಬ ಚಿತ್ರ ನಿರ್ದೇಶಿಸಿದ. ನಾಯಕಿ ಮಗಳೇ. ಪಾತ್ರವೂ ಅರಮನೆ ನರ್ತಕಿಯದೇ.

ಒಂಬತ್ತೇ ವರ್ಷ. 1975ರ ಏಪ್ರಿಲ್‌ನಲ್ಲಿ ಪೋಲ್ ಪಾಟ್‌ನ ಖ್ಮೇರ್ ರೂಜ್ ಸೈನ್ಯ ನುಗ್ಗಿ, ರಾಜಧಾನಿ ನಾಮ್ ಪೆನ್‌ನ ಜನರನ್ನೆಲ್ಲ ಗದ್ದೆಗಳಿಗೆ ಅಟ್ಟಿತು. ನಟನಟಿಯರು, ನರ್ತಕಿಯರು, ವಾದ್ಯಗಾರರು... ಹತ್ತರಲ್ಲಿ ಒಂಬತ್ತು ಮಂದಿ ಉಳಿಯಲಿಲ್ಲ ಎನ್ನುತ್ತಾರೆ. ಬೊಪ್ಪಾದೇವಿ ಪರದೇಶದಲ್ಲಿ ಬದುಕಿಕೊಂಡರು. ಮುಂದೆ ಸಂಸ್ಕೃತಿ ಸಚಿವೆಯೂ ಆಗಿ, 2019ರಲ್ಲಿ ತೀರಿಕೊಂಡರು.

ಯಾವ ಚಿತ್ರಕಥೆಗಾರನಿಗೂ ಹೊಳೆಯದ ತಿರುವು ಇಲ್ಲಿದೆ ಕೇಳಿ. ಪೋಲ್ ಪಾಟ್‌ನ ಹುಟ್ಟುಹೆಸರು ಸಲೋತ್ ಸಾರ್. ಹುಡುಗನಾಗಿದ್ದಾಗ ಪೇಟೆಯಲ್ಲಿ ಅವನು ಬೆಳೆದದ್ದು ಅಣ್ಣನ ಮನೆಯಲ್ಲಿ. ಅತ್ತಿಗೆ ಚಿಯಾ ಸಾಮಿ ಅರಮನೆಯ ಹೆಸರಾಂತ ನರ್ತಕಿ! ಅಣ್ಣ-ಅತ್ತಿಗೆಯೂ ಎಲ್ಲರಂತೆ ಗದ್ದೆಗೆ ಬಿದ್ದರು. ಇದನ್ನೆಲ್ಲ ಮಾಡಿಸುತ್ತಿರುವ ಪೋಲ್ ಪಾಟ್ ಯಾರು ಅಂತ ಅವರಿಗೂ ಗೊತ್ತಿರಲಿಲ್ಲ. ಒಂದು ದಿನ ಸಾಮೂಹಿಕ ಊಟದ ಮನೆಗೆ ನಾಯಕನ ಪಟ ಬಂತು. ನೋಡಿದರೆ... ತಮ್ಮ ಮನೆಯ ಹುಡುಗ ಸಾರ್!

1979ರ ಜನವರಿಯಲ್ಲಿ ಆ ಆಳ್ವಿಕೆ ಮುರಿದುಬಿತ್ತು. ಅತ್ತಿಗೆ ಬದುಕಿ ಬಂದರು. ನಾಮ್ ಪೆನ್‌ನಲ್ಲಿ ಮತ್ತೆ ಬಾಗಿಲು ತೆರೆದ ಕಲಾಶಾಲೆಯಲ್ಲಿ, ಅಪ್ಪ ಅಮ್ಮ ಇಲ್ಲದ ಎಷ್ಟೋ ಮಕ್ಕಳಿಗೆ ತಮಗೆ ನೆನಪಿದ್ದ ಒಂದೊಂದೇ ಭಂಗಿಯನ್ನು, ಆ ಪುಟ್ಟ ಬೆರಳುಗಳನ್ನು ಹಿಂದಕ್ಕೆ ಬಾಗಿಸುತ್ತಾ, ಕಲಿಸತೊಡಗಿದರು.