ಗಲ್ಲಾಪೆಟ್ಟಿಗೆಯ ಲೆಕ್ಕ ಮೊಮ್ಮಕ್ಕಳಿಗೂ ದಕ್ಕಲಿ

ಹತ್ತನೇ ತರಗತಿಯ ಫಲಿತಾಂಶ ಪ್ರಕಟವಾಗುತ್ತಲೇ ಮುಂಬಯಿ ಮಹಾನಗರದ ತುಳು-ಕನ್ನಡಿಗರ ಸಂಘ-ಸಂಸ್ಥೆಗಳಲ್ಲಿ ಪ್ರತಿಭಾ ಪುರಸ್ಕಾರದ ಸಂಭ್ರಮ ಆರಂಭವಾಗುತ್ತದೆ. ಹೆಚ್ಚು ಅಂಕ ಗಳಿಸಿದವರಿಗೆ ಶಾಲು, ಸ್ಮರಣಿಕೆ, ನಗದು. ಕಿರಿಯರಿಗೆ ಉಚಿತ ನೋಟ್‌ಪುಸ್ತಕ. ಇದೆಲ್ಲ ಶ್ಲಾಘನೀಯವೇ. ಆದರೆ ಹತ್ತನೇ ತರಗತಿಯಲ್ಲಿ ಗಣಿತಕ್ಕೆ ಹೆದರುವ ಮಗು ಬಹಳಷ್ಟು ಸಲ ಮೊದಲು ಎಡವಿದ್ದು ಒಂದನೇ, ಎರಡನೇ ತರಗತಿಯ ಕೂಡಿಸುವ-ಕಳೆಯುವ ಲೆಕ್ಕದಲ್ಲಿ. ಆ ಹಂತದತ್ತ ಸಂಘಗಳ ಗಮನ ಹರಿದಿರುವುದು ತೀರಾ ಕಡಿಮೆ.

‘ಅಸರ್’ 2024ರ ವರದಿಯಂತೆ ಗ್ರಾಮೀಣ ಭಾರತದ ಮೂರನೇ ತರಗತಿಯ ಮಕ್ಕಳಲ್ಲಿ ಕಳೆಯುವ ಲೆಕ್ಕ ಬಲ್ಲವರು ಕೇವಲ ಶೇ. 33.7. 2022ರಲ್ಲಿ ಈ ಪ್ರಮಾಣ ಶೇ. 25.9 ಇತ್ತು. ಇದು ಹಳ್ಳಿಗಳ ಅಂಕಿ-ಅಂಶವೆಂದು ನಗರದ ಪಾಲಕರು ನಿಶ್ಚಿಂತರಾಗುವಂತಿಲ್ಲ. ಮಕ್ಕಳು ಮಾಡುವ ತಪ್ಪು ಎಲ್ಲೆಡೆ ಒಂದೇ ಬಗೆಯದು. 52ರಿಂದ 38 ಕಳೆ ಎಂದರೆ ಎಷ್ಟೋ ಮಕ್ಕಳು 26 ಎಂದು ಬರೆಯುತ್ತಾರೆ. 2ರಿಂದ 8 ಹೋಗದು, ಆದ್ದರಿಂದ 8ರಿಂದ 2 ಕಳೆದು 6. ಆಮೇಲೆ 5ರಿಂದ 3 ಕಳೆದು 2. ಮಗು ಅಂಕಿಗಳನ್ನು ಕಂಡಿತೇ ಹೊರತು ಸಂಖ್ಯೆಯನ್ನು ಕಾಣಲಿಲ್ಲ.

ಇದೇ ಮಹಾನಗರದಲ್ಲಿ ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಅಕ್ಷರ ಕಲಿತು, ಮುಂದೆ ಗಲ್ಲಾದಲ್ಲಿ ಕುಳಿತ ಹಿರಿಯರು ಈ ಲೆಕ್ಕವನ್ನು ಹೇಗೆ ಮಾಡುತ್ತಿದ್ದರು? 38 ರೂಪಾಯಿಯ ಬಿಲ್ಲಿಗೆ ಗಿರಾಕಿ 100ರ ನೋಟು ಕೊಟ್ಟರೆ ಹತ್ತರ ಸ್ಥಾನದಿಂದ ಸಾಲ ತರುವ ಗೋಜಿಗೆ ಅವರು ಹೋಗುತ್ತಿರಲಿಲ್ಲ. 2 ರೂಪಾಯಿ ಇಟ್ಟು ‘ನಲವತ್ತು’, 10 ಇಟ್ಟು ‘ಐವತ್ತು’, 50 ಇಟ್ಟು ‘ನೂರು’ ಎನ್ನುತ್ತಿದ್ದರು. ಗಿರಾಕಿಯ ಕೈಗೆ 62 ರೂಪಾಯಿ ತಪ್ಪದೆ ಸೇರುತ್ತಿತ್ತು. ಕಳೆಯುವುದೆಂದರೆ ಎರಡು ಸಂಖ್ಯೆಗಳ ನಡುವಿನ ಅಂತರವನ್ನು ತುಂಬುವುದೂ ಹೌದು ಎಂಬ ತಿಳಿವಳಿಕೆ ಅದರಲ್ಲಿತ್ತು. 52 ಮತ್ತು 38ಕ್ಕೂ ಅದೇ ದಾರಿ: 38ರಿಂದ 40ಕ್ಕೆ 2, 40ರಿಂದ 52ಕ್ಕೆ 12, ಒಟ್ಟು 14.

ಕೂಡಿಸುವುದರಲ್ಲೂ ಇಂತಹ ಒಳದಾರಿಗಳಿವೆ. 8ಕ್ಕೆ 7 ಸೇರಿಸಲು ಬೆರಳು ಮಡಚುತ್ತ ಒಂದೊಂದಾಗಿ ಎಣಿಸಬೇಕಿಲ್ಲ. 7ರಿಂದ 2 ತೆಗೆದು 8ಕ್ಕೆ ಕೊಟ್ಟರೆ ಹತ್ತು, ಉಳಿದ 5 ಸೇರಿ ಹದಿನೈದು. 9 ಸೇರಿಸಬೇಕಾದಲ್ಲಿ 10 ಸೇರಿಸಿ ಒಂದನ್ನು ಹಿಂದೆ ತೆಗೆದರಾಯಿತು. ಬೆರಳೆಣಿಕೆ ತಪ್ಪಲ್ಲ, ಅದು ಮೊದಲ ಮೆಟ್ಟಿಲು. ಮಗು ಅಲ್ಲೇ ನಿಂತುಬಿಟ್ಟರೆ ಮಾತ್ರ ತೊಂದರೆ.

ಇಲ್ಲಿ ಕನ್ನಡ ಭಾಷೆಯ ಒಂದು ಉಪಕಾರವನ್ನು ನೆನೆಯಬೇಕು. 2019ರಲ್ಲಿ ಮಹಾರಾಷ್ಟ್ರದ ಬಾಲಭಾರತಿಯು ಎರಡನೇ ತರಗತಿಯ ಗಣಿತ ಪುಸ್ತಕದಲ್ಲಿ ‘ಏಕವೀಸ್’ ಎಂಬುದರ ಜತೆಗೆ ‘ವೀಸ್ ಏಕ್’ ಎಂದು ಓದುವ ಕ್ರಮವನ್ನು ತಂದಾಗ ರಾಜ್ಯದಾದ್ಯಂತ ಬಿಸಿಬಿಸಿ ಚರ್ಚೆ ನಡೆಯಿತು. ಗಣಿತಜ್ಞೆ ದಿ. ಮಂಗಲಾ ನಾರ್ಳೀಕರ್ ಅವರು ಈ ಕ್ರಮವನ್ನು ಸಮರ್ಥಿಸಿದ್ದರು. ಮರಾಠಿಯಲ್ಲಿ ಬಿಡಿ ಮೊದಲು, ಹತ್ತು ಆಮೇಲೆ. ಮಗು ಕೇಳುವುದು ಒಂದು ಕ್ರಮ, ಬರೆಯುವುದು ಇನ್ನೊಂದು. ಕನ್ನಡಕ್ಕೆ ಈ ತೊಡಕಿಲ್ಲ. ಇಪ್ಪತ್ತೊಂದು ಎಂದರೆ ಇಪ್ಪತ್ತು ಮತ್ತು ಒಂದು. ಇಂಗ್ಲಿಷಿನ ‘ಥರ್ಟೀನ್’ ಮೂರನ್ನು ಮುಂದಿಡುತ್ತದೆ, ‘ಇಲೆವೆನ್’ ಹತ್ತನ್ನು ಬಚ್ಚಿಡುತ್ತದೆ. ಹದಿಮೂರು, ಹನ್ನೊಂದರಲ್ಲಿ ಹತ್ತು ಮೊದಲೇ ಕೇಳಿಸುತ್ತದೆ. ಹತ್ತನ್ನು ಮುಂದಿಟ್ಟು ಯೋಚಿಸುವ ಮಗುವಿಗೆ ಇದಕ್ಕಿಂತ ಒಳ್ಳೆಯ ಊರುಗೋಲು ಬೇಕೇ? ದುರದೃಷ್ಟವೆಂದರೆ ಇಂಗ್ಲಿಷ್ ಮಾಧ್ಯಮಕ್ಕೆ ಹೋಗುವ ಅನೇಕ ಕನ್ನಡ ಮಕ್ಕಳಿಗೆ ‘ಅರವತ್ತೇಳು’ ಎಂದರೆ ಎಷ್ಟೆಂದು ತಿಳಿಯದು.

ಶಾಲೆಯಲ್ಲಿ ಒಂದು ವಿಧಾನ, ಮನೆಯಲ್ಲಿ ಇನ್ನೊಂದಾದರೆ ಮಗು ಗೊಂದಲಕ್ಕೀಡಾಗದೇ ಎಂದು ಪಾಲಕರು ಕೇಳಬಹುದು. ಆತಂಕ ಸಹಜ. ಸಾಲು ಹಾಕಿ ಮಾಡುವ ಶಾಲೆಯ ವಿಧಾನವನ್ನು ಬಿಡಬೇಕೆಂದು ಯಾರೂ ಹೇಳುತ್ತಿಲ್ಲ. ದೊಡ್ಡ ಸಂಖ್ಯೆಗಳಿಗೆ ಅದು ಬೇಕೇ ಬೇಕು. ಆದರೆ ಎರಡು ದಾರಿ ಬಲ್ಲ ಮಗು ಒಂದರ ಉತ್ತರವನ್ನು ಇನ್ನೊಂದರಿಂದ ಪರೀಕ್ಷಿಸಿಕೊಳ್ಳಬಲ್ಲುದು. 26 ಎಂದು ಬರೆದ ಮಗುವಿಗೆ ತನ್ನ ತಪ್ಪು ತಾನೇ ಕಾಣುವುದು ಹಾಗೆ. ಬೇಕಾದದ್ದು ದಿನಕ್ಕೆ ಹತ್ತು ನಿಮಿಷದ ಅಭ್ಯಾಸ, ‘ಬೇಗ ಹೇಳು’ ಎಂಬ ಗದರಿಕೆಯ ಬದಲು ‘ಹೇಗೆ ಮಾಡಿದೆ ಮಗಾ?’ ಎಂಬ ಪ್ರಶ್ನೆ. ಎರಡು ಮಕ್ಕಳು ಎರಡು ದಾರಿ ಹೇಳಿದರೆ ಇಬ್ಬರೂ ಗೆದ್ದಂತೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಎಳೆಯ ಮಕ್ಕಳ ಕಲಿಕೆಯಲ್ಲಿ ಮನೆಮಾತಿಗೆ ಮಹತ್ವ ನೀಡಿದೆ. ಮೂರನೇ ತರಗತಿಯೊಳಗೆ ಓದು, ಬರಹ, ಲೆಕ್ಕ ಬರಲೇಬೇಕೆಂದು 2021ರಲ್ಲಿ ‘ನಿಪುಣ್ ಭಾರತ್’ ಯೋಜನೆ ಆರಂಭವಾಯಿತು. ಶಾಲೆಗಳು ತಮ್ಮ ಪಾಲಿನದನ್ನು ಮಾಡಲಿ. ಸಂಘಗಳ ಪಾಲಿನದ್ದೂ ಒಂದಿದೆ, ಅದಕ್ಕೆ ದೊಡ್ಡ ಖರ್ಚೇನೂ ಇಲ್ಲ. ವಾರಾಂತ್ಯದ ಕನ್ನಡ ಕಲಿಕಾ ತರಗತಿಗಳಲ್ಲಿ ಅಕ್ಷರಮಾಲೆಯ ಜತೆಗೆ ಹದಿನೈದು ನಿಮಿಷ ಬಾಯಿಲೆಕ್ಕಕ್ಕೆ ಮೀಸಲಿಡಬಹುದು. ಹೋಟೆಲು, ಅಂಗಡಿಗಳಿಂದ ನಿವೃತ್ತರಾದ ಹಿರಿಯರನ್ನು ಕರೆದು ಮಕ್ಕಳೊಂದಿಗೆ ಅಂಗಡಿಯಾಟ ಆಡಿಸಬಹುದು. ‘ಆಟಿಡೊಂಜಿ ದಿನ’ದಂದು ಪ್ರದರ್ಶನಕ್ಕಿಟ್ಟು ಮತ್ತೆ ಕಪಾಟು ಸೇರುವ ಚೆನ್ನೆಮಣೆಯನ್ನು ಮಕ್ಕಳ ಕೈಗೆ ಕೊಡಬಹುದು. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕು ಕಾಯಿ; ಯಾವ ಗುಳಿಯಿಂದ ಎತ್ತಿದರೆ ಎಲ್ಲಿ ಮುಗಿದೀತೆಂದು ಲೆಕ್ಕ ಹಾಕುವುದೇ ಅಲ್ಲಿ ಆಟ.

ಮೊಬೈಲಿನಲ್ಲಿ ಹಣ ಪಾವತಿಯಾಗುವ ಈ ದಿನಗಳಲ್ಲಿ ಗಲ್ಲಾದ ಮುಂದೆ ಚಿಲ್ಲರೆ ಎಣಿಸುವ ದೃಶ್ಯವೇ ಅಪರೂಪವಾಗುತ್ತಿದೆ. ಆ ಲೆಕ್ಕವನ್ನು ಕನ್ನಡದಲ್ಲೇ ಬಾಯಿತುದಿಯಲ್ಲಿ ಇಟ್ಟುಕೊಂಡಿದ್ದ ತಲೆಮಾರಿಗೆ ವಯಸ್ಸಾಗುತ್ತಿದೆ. ಅವರು ಕಟ್ಟಿದ ಸಂಘದ ಕಟ್ಟಡಗಳು ಮುಂದಿನವರಿಗೆ ಉಳಿದಿವೆ. ಅವರ ಲೆಕ್ಕವೂ ಉಳಿಯಬೇಕಾದರೆ ಮುಂದಿನ ಪುಸ್ತಕ ವಿತರಣಾ ಸಮಾರಂಭದಲ್ಲಿ, ನೋಟ್‌ಪುಸ್ತಕ ಪಡೆದ ಎರಡನೇ ತರಗತಿಯ ಮಗುವಿನ ಪಕ್ಕದಲ್ಲಿ ಒಬ್ಬ ಅಜ್ಜನೋ ಅಜ್ಜಿಯೋ ಕುಳಿತು ‘38ಕ್ಕೆ ಎಷ್ಟು ಸೇರಿಸಿದರೆ 52?’ ಎಂದು ಕೇಳುವಂತಾಗಲಿ.