ತೆಪ್ಪದ ಮೇಲೆ ಕೇಸ್ ಹಾಕೋದು ನಿಲ್ಸಿ

1/7
ಹೋದ ಪೋಸ್ಟ್‌ನಲ್ಲಿ ಸಕ್ರೆಬೈಲಿನ ತೆಪ್ಪದ ಫೋಟೋ ಹಾಕಿದ್ದೆ. ಕೆಳಗಿನ ಕಾಮೆಂಟ್ ನೋಡಿ: "ಬ್ಯಾನ್ ಮಾಡ್ಬೇಕು ಗುರು", "ಹಳೇ ಬುಟ್ಟಿ", "ಮರದ ದೋಣಿ ಆದ್ರೂ ಪರವಾಗಿಲ್ಲ, ಇದನ್ನ ಯಾರು ಹತ್ತುತ್ತಾರೆ?" ಹತ್ತೋದು ಬಿಡೋದು ನಿಮ್ಮಿಷ್ಟ. ಆದ್ರೆ ಹಳೇದು ಅನ್ನೋ ಒಂದೇ ಕಾರಣಕ್ಕೆ ತೀರ್ಪು ಕೊಟ್ರೆ ನಂದು ತಕರಾರಿದೆ. ಏಳು ಕ್ಯಾಪ್ಷನ್ ಇದೆ. ಪೂರ್ತಿ ಓದಿ, ಆಮೇಲೆ ಬೈರಿ.

2/7
ಮೊದಲು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ. ಎರಡೂ ಹಳೇವೇ.

ತೆಪ್ಪ ಅಂದ್ರೆ ಹರಿಗೋಲು. ಬಿದಿರಿನ ಹೆಣಿಗೆ, ಮೇಲೆ ಹಿಂದೆ ಚರ್ಮ, ಈಗ ಪ್ಲಾಸ್ಟಿಕ್ ಹಾಳೆ, ಟಾರು. ತಳ ಅಗಲ, ಚಪ್ಪಟೆ. ಮೊಣಕಾಲುದ್ದ ನೀರಲ್ಲೂ ತೇಲುತ್ತೆ. ಬಂಡೆಗೆ ತಾಗಿದ್ರೆ ಬಿದಿರು ಬಾಗುತ್ತೆ, ಜಾರಿಕೊಂಡು ಹೋಗುತ್ತೆ. ಸಣ್ಣದಾದ್ರೆ ಒಬ್ಬನೇ ಬೆನ್ನ ಮೇಲೆ ಹೊತ್ಕೊಂಡು ನಡೀಬಹುದು. ದೋಷ? ನೇರ ಹೋಗಲ್ಲ, ಗಿರಗಿರ ತಿರುಗುತ್ತೆ. ಅಂಚು ನೀರಿಗೆ ತೀರಾ ಹತ್ತಿರ.

ಮರದ ದೋಣಿ ಉದ್ದ, ಕಿರಿದು. ಹುಟ್ಟು ಹಾಕಿದ್ರೆ ನೇರ ಸಾಗುತ್ತೆ. ಶರಾವತಿ ಹಿನ್ನೀರಿನ ಥರ ಆಳ ಇರೋ, ಬಯಲಾದ ನೀರಿಗೆ ಹೇಳಿ ಮಾಡಿಸಿದ್ದು. ದೋಷ? ಭಾರ. ಬಂಡೆಗೆ ಬಡಿದ್ರೆ ಹಲಗೆ ಸೀಳುತ್ತೆ. ಸೆಳವಿಗೆ ಅಡ್ಡ ನಿಂತ್ರೆ ಮಗುಚುತ್ತೆ.

ಈಗ ಹೇಳಿ, ಯಾವುದು ಒಳ್ಳೇದು? ಯಾವ ನೀರಿಗೆ ಅಂತ ಕೇಳದೇ ಉತ್ತರ ಕೊಟ್ರೆ ನೀವು ದೋಣಿ ನೋಡಿಲ್ಲ, ರೀಲ್ಸ್ ನೋಡಿದೀರಿ ಅಷ್ಟೇ.

3/7
"ಇವೆಲ್ಲ ನಿನ್ನ ಥಿಯರಿ" ಅಂತೀರಾ? 1520ರ ಹೊತ್ತಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇದೇ ತುಂಗಭದ್ರೆ ಮೇಲೆ ಚರ್ಮ ಹೊದಿಸಿದ ಬುಟ್ಟಿ ದೋಣಿ ನೋಡಿ ಬರೆದಿಟ್ಟಿದಾನೆ. ಹದಿನೈದಿಪ್ಪತ್ತು ಜನ ಹಿಡಿಸೋ ದೊಡ್ಡ ಹರಿಗೋಲು ಅವು. ನೇರ ಹೋಗದೆ ಸುತ್ತುತ್ತಲೇ ಇರುತ್ತೆ ಅನ್ನೋದನ್ನೂ ಬರೆದಿದಾನೆ. ಅಂದ್ರೆ ದೋಷ 500 ವರ್ಷದಿಂದ ಎಲ್ಲರಿಗೂ ಗೊತ್ತು. ಆದ್ರೂ ಜನ ಬಿಡಲಿಲ್ಲ. ಯಾಕಂದ್ರೆ ಈ ಹೊಳೆ ತುಂಬ ಬಂಡೆ.

ಆದ್ರೆ ಒಂದು ಮಾತು. ಮೀನು ಹಿಡಿಯೋಕೆ ಇಟ್ಕೊಂಡಿರೋ ಇವತ್ತಿನ ಸಣ್ಣ ತೆಪ್ಪ ಆ ದೊಡ್ಡ ಹರಿಗೋಲಲ್ಲ. ಇದನ್ನ ನೆನಪಿಟ್ಕೊಳ್ಳಿ, ಐದನೇ ಕ್ಯಾಪ್ಷನ್‌ಗೆ ಬೇಕು.

4/7
ಹೊರಗಡೆ ನೋಡೋಣ. ನೌಕಾಪಡೆಯಲ್ಲಿದ್ದ ಅಭಿಲಾಷ್ ಟಾಮಿ ಗೊತ್ತಲ್ಲ? ಗೋಲ್ಡನ್ ಗ್ಲೋಬ್ ರೇಸ್‌ಗೆ ಹೋದವರು. ಒಬ್ಬರೇ ಹಾಯಿದೋಣಿಯಲ್ಲಿ ಭೂಮಿ ಸುತ್ತಬೇಕು, ಜಿಪಿಎಸ್ ನೋಡಿ ದಾರಿ ಹಿಡಿಯೋ ಹಾಗಿಲ್ಲ. ದೋಣಿ ಹಳೇ ವಿನ್ಯಾಸದ್ದೇ ಆಗಿರಬೇಕು, ಅದೂ ರೂಲ್ಸು!

2018ರಲ್ಲಿ ಅವರ ದೋಣಿ 'ತುರೀಯ'. 'ಸುಹೈಲಿ' ಅನ್ನೋ ಹಳೇ ದೋಣಿ ನೋಡಿ ಗೋವಾದಲ್ಲಿ ಕಟ್ಟಿದ್ದು. ಹಿಂದೂ ಮಹಾಸಾಗರದ ಬಿರುಗಾಳಿಗೆ ಕೂವೆಮರ ಮುರೀತು, ಇವರ ಬೆನ್ನಿಗೆ ಪೆಟ್ಟಾಯ್ತು, ಬೇರೆ ಹಡಗು ಬಂದು ಎತ್ಕೊಂಡು ಹೋಯ್ತು. 2022ರಲ್ಲಿ ಮತ್ತೆ ಹೊರಟರು, ರಸ್ಲರ್ 36 ಅನ್ನೋ ಇನ್ನೊಂದು ಹಳೇ ಮಾದರಿ ದೋಣಿಯಲ್ಲಿ. 2023ರಲ್ಲಿ ಎರಡನೇ ಸ್ಥಾನ.

ಹಾಗಾದ್ರೆ ಸುಹೈಲಿ ಡಬ್ಬಾನಾ? ಮುಂಬೈಯಲ್ಲಿ ತೇಗದ ಮರದಿಂದ ಕಟ್ಟಿದ ಆ ದೋಣಿಯಲ್ಲೇ ರಾಬಿನ್ ನಾಕ್ಸ್-ಜಾನ್ಸ್ಟನ್ 1968-69ರಲ್ಲಿ 312 ದಿನ ಎಲ್ಲೂ ನಿಲ್ಲದೆ ಭೂಮಿ ಸುತ್ತಿದ್ದು. ಆ ರೇಸ್ ಹೊರಟ ಒಂಬತ್ತು ಜನರಲ್ಲಿ ಮುಗಿಸಿದ್ದು ಅವರೊಬ್ಬರೇ. ಸಮುದ್ರದವರು ದೋಣಿಗೆ ಎಷ್ಟು ವಯಸ್ಸು ಅಂತ ಕೇಳಿ ಸುಮ್ನಾಗಲ್ಲ. ಅಲೆ ಎಷ್ಟಿತ್ತು, ಹಾಯಿ ಎಷ್ಟು ಬಿಟ್ಟಿದ್ರು, ಏನು ಮುರೀತು ಅಂತ ಕೇಳ್ತಾರೆ.

5/7
ನಾವು ಕೇಳಲ್ಲ. 2016ರ ಸೆಪ್ಟೆಂಬರ್, ಗಣೇಶ ಹಬ್ಬದ ವಾರ. ನಮ್ಮ ಹೊಳೆಹೊನ್ನೂರು ಕಡೆ ಹಾಡೋನಹಳ್ಳಿ. ಕೂಡಲಿಯಲ್ಲಿ ಶಿವಮೊಗ್ಗದ ತುಂಗೆ, ಭದ್ರಾವತಿಯ ಭದ್ರೆ ಸೇರಿ ಮುಂದೆ ಹರಿಯೋ ಅದೇ ಹೊಳೆ. ಗಣಪತಿ ಬಿಡೋಕೆ ಹೋದ ತೆಪ್ಪ ಮಗುಚಿ 12 ಜನ ಹೋದ್ರು. ನಮ್ಮಂಥ ಹುಡುಗರು ಕಣ್ರೋ. ಹಿಡಿಸೋದಕ್ಕಿಂತ ಜಾಸ್ತಿ ಜನ ಹತ್ತಿದ್ರು.

ತೆಪ್ಪ ಹೇಗೆ ಮುಳುಗುತ್ತೆ ಗೊತ್ತಾ? ಭಾರ ಜಾಸ್ತಿಯಾದಾಗ ಅಂಚು ನೀರಿನ ಮಟ್ಟಕ್ಕೆ ಇಳಿಯುತ್ತೆ. ಮೂರ್ತಿ ಎತ್ತಿ ಬಿಡೋಕೆ ಎಲ್ಲರೂ ಒಂದೇ ಕಡೆ ವಾಲ್ತಾರೆ. ನೀರು ಒಳಗೆ ಬರುತ್ತೆ. ಮುಗೀತು. ಆ ಜಾಗದಲ್ಲಿ ಮರದ ದೋಣಿ ಇಟ್ಟು ನೋಡಿ, ಅಷ್ಟೇ ಜನ ಒಂದೇ ಕಡೆ ವಾಲಿದ್ರೆ ಅದೂ ಮಗುಚುತ್ತೆ. ಹೊಸ ಫೈಬರ್ ಬೋಟೂ ಮಗುಚುತ್ತೆ.

6/7
"ಹಾಗಾದ್ರೆ ಹೊಸದು ಬೇಡ್ವಾ?" ಬೇಕು, ಯಾರು ಬೇಡ ಅಂದ್ರು? ಆದ್ರೆ ಹೊಸದು ಅಂದ ತಕ್ಷಣ ಸೇಫ್ ಅಲ್ಲ. ಡ್ಯಾಂನಿಂದ ನೀರು ಬಿಟ್ಟಾಗ ಭದ್ರಾವತಿಯಲ್ಲಿ ಮುಳುಗೋದು ಹೊಸ ಸೇತುವೆ ಕಣ್ರಪ್ಪ. ಭದ್ರಾವತಿಯವರನ್ನ ಕೇಳಿ, ನಗ್ತಾ ಹೇಳ್ತಾರೆ.

ನನ್ನ ಸಿಟ್ಟು ಇಷ್ಟೇ. "ತೆಪ್ಪ ಹಳೇದು" ಅಂದ್ರೆ ಯಾರೂ ಏನೂ ಮಾಡಬೇಕಾಗಿಲ್ಲ. ಜನ ಎಣಿಸಬೇಕಾಗಿಲ್ಲ, ಲೈಫ್ ಜಾಕೆಟ್ ತರಬೇಕಾಗಿಲ್ಲ, "ನೀನು ಇಳಿ" ಅಂತ ಫ್ರೆಂಡ್‌ಗೆ ಹೇಳಬೇಕಾಗಿಲ್ಲ. ಬುಟ್ಟಿ ಮೇಲೆ ಕೇಸ್ ಹಾಕಿ ಮನೆಗೆ ಹೋಗಬಹುದು. ಮುಂದಿನ ವರ್ಷ ಮತ್ತೆ ಅದೇ ಕಥೆ.

7/7
ಈ ಸಲ ನಿಮ್ಮ ಬೀದಿ ಗಣಪತಿ ಗ್ರೂಪ್‌ನಲ್ಲಿ ಇದನ್ನ ಹಾಕಿ:

ತುಂಗೆಯಲ್ಲಿ ಕೋರ್ಪಲಯ್ಯ ಛತ್ರದ ಮಂಟಪ ಮುಳುಗೋ ಹಾಗೆ ನೀರಿದ್ರೆ ಹೊಳೆಗೆ ಇಳಿಯೋ ಮಾತೇ ಇಲ್ಲ. ಭದ್ರಾ ಗೇಟ್ ತೆಗೆದಾಗಲೂ ಅಷ್ಟೇ.
ಎಷ್ಟು ಜನ ಅಂತ ತೆಪ್ಪದವರು ಹೇಳಲಿ, ಡಿಜೆ ಮುಂದೆ ಕುಣಿಯೋರಲ್ಲ. ಮೂರ್ತಿಯ ತೂಕವೂ ಲೆಕ್ಕಕ್ಕೆ.
ಜಾಕೆಟ್ ಇಲ್ಲದವರು ದಡದಲ್ಲೇ.
ತೆಪ್ಪದಲ್ಲಿ ಕೂತಿರಬೇಕು. ನಿಂತು ವಿಡಿಯೋ ಬೇಡ.
ಕುಡಿದವನು ಎಷ್ಟೇ ಹತ್ತಿರದ ಫ್ರೆಂಡ್ ಆಗಿದ್ರೂ ಇಳಿಸಿ. ಬೈದ್ರೆ ಬೈಲಿ.

ಒಪ್ಪದೇ ಇರೋರು ಕಾಮೆಂಟ್‌ಗೆ ಬನ್ನಿ. ಆದ್ರೆ "ಹಳೇದು" ಅನ್ನೋದು ಬಿಟ್ಟು ಬೇರೆ ಕಾರಣ ತನ್ನಿ.

#ಶಿವಮೊಗ್ಗ #ಭದ್ರಾವತಿ #ತೆಪ್ಪ #ಕೂಡಲಿ